ದೋಷವಿರುವ ಹಳೆಯ ಫೋರ್ ಬೈ ಫೋರ್: ಕೊಳ್ಳಬೇಕೆ, ಬಿಡಬೇಕೆ ಎಂದು ನಿರ್ಧರಿಸುವ ಕ್ರಮ

"ಫೋರ್ ಬೈ ಫೋರ್ ಬೀಳವಲ್ದು, ಸ್ವಲ್ಪ ಆಯಿಲ್ ಸೋರ್ತೈತಿ, ಉಳಿದದ್ದೆಲ್ಲಾ ಬರೋಬ್ಬರಿ ಐತ್ರಿ." ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಹಳೆಯ ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಕೊಡಬಲ್ಲ ಜೀಪು, ಜಿಪ್ಸಿ, ಥಾರ್ ಮಾರುವವರು ಹೆಚ್ಚುಕಡಿಮೆ ಇದೇ ಮಾತು ಹೇಳುತ್ತಾರೆ. ದೋಷವನ್ನು ತಾವಾಗಿಯೇ ಹೇಳಿದರೆಂದು ಕೊಳ್ಳುವವರಿಗೆ ನಂಬಿಕೆ ಬರುತ್ತದೆ. ಮಾರುವವರು ಸುಳ್ಳು ಹೇಳುತ್ತಿರಬೇಕೆಂದೇನೂ ಇಲ್ಲ. ಆದರೆ ಅವರು ಹೇಳಿದ್ದು ಲಕ್ಷಣ ಮಾತ್ರ, ಕಾರಣ ಅವರಿಗೂ ಗೊತ್ತಿರುವುದಿಲ್ಲ. ಲಿವರ್ ಎಳೆದರೂ ಮುಂದಿನ ಚಕ್ರಕ್ಕೆ ಶಕ್ತಿ ಹೋಗದಿರುವುದಕ್ಕೆ ಸೀಳಿದ ಒಂದು ರಬ್ಬರ್ ಪೈಪ್ ಕಾರಣವಾಗಿರಬಹುದು, ಟ್ರಾನ್ಸ್‌ಫರ್ ಕೇಸಿನೊಳಗೆ (ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಹಲ್ಲು ಮುರಿದ ಗೇರ್ ಕೂಡ ಆಗಿರಬಹುದು. ಪೈಪಿನ ಖರ್ಚು ಕಿಸೆಯಲ್ಲಿರುವ ದುಡ್ಡಿನಲ್ಲಿ ಮುಗಿಯುತ್ತದೆ. ಗೇರಿನದ್ದು ಗಾಡಿಯ ಬೆಲೆಯ ದೊಡ್ಡ ಪಾಲನ್ನೇ ನುಂಗುತ್ತದೆ. ಕಾರಣ ಪತ್ತೆಯಾದ ದೋಷಕ್ಕೆ ಬೆಲೆ ಕಟ್ಟಿ ಚೌಕಾಸಿ ಮಾಡಬಹುದು; ಕಾರಣ ತಿಳಿಯದ ದೋಷಕ್ಕೆ ಎಷ್ಟು ಬೆಲೆ ಇಳಿಸಿದರೂ ಸಾಲದು. ಕೆಳಗಿನ ಹೆಜ್ಜೆಗಳೆಲ್ಲ ಆ ಕಾರಣ ಹುಡುಕುವುದಕ್ಕೇ.

ಮೊದಲು: ನಿಮಗೆ ಇದು ಬೇಕೆ?

ನವಲಗುಂದ, ಅಣ್ಣಿಗೇರಿ, ನರಗುಂದ, ರೋಣದ ಎರೆ ಹೊಲಗಳಿಗೆ ಮಳೆಗಾಲದಲ್ಲಿ ಗಾಡಿ ಒಯ್ಯಬೇಕು ಎಂಬುದು ಕಾರಣವಾದರೆ ಒಂದು ಮಾತು ಮೊದಲೇ ತಿಳಿದಿರಲಿ. ನೆನೆದ ಎರೆ ಮಣ್ಣು ಟಯರಿನ ಹಲ್ಲುಗಳ ಸಂದಿಯೊಳಗೆ ತುಂಬಿಕೊಂಡು ಟಯರನ್ನು ನುಣ್ಣಗಾಗಿಸುತ್ತದೆ. ಹಾಗಾದ ಮೇಲೆ ನಾಲ್ಕೂ ಚಕ್ರ ತಿರುಗಿದರೂ ಗಾಡಿ ನಿಂತಲ್ಲೇ ಇಳಿಯುತ್ತದೆ. ಒಳ್ಳೆಯ ಮಡ್ ಟಯರ್ ಇಲ್ಲದ ಫೋರ್ ಬೈ ಫೋರ್ ಎರೆಯಲ್ಲಿ ಅರ್ಧ ಕೆಲಸ ಮಾತ್ರ ಮಾಡುತ್ತದೆ. ಆದ್ದರಿಂದ ಟಯರಿನ ದುಡ್ಡನ್ನೂ ಲೆಕ್ಕದಲ್ಲಿ ಹಿಡಿಯಿರಿ. ಕಲಘಟಗಿ, ಅಳ್ನಾವರ, ಹಾನಗಲ್ ಕಡೆಯ ಮಸಾರಿ ಮತ್ತು ಜಂಬಿಟ್ಟಿಗೆ ಮಣ್ಣಿನ ದಾರಿ, ಕಪ್ಪತಗುಡ್ಡದ ಕಲ್ಲು ಏರು, ತೋಟಕ್ಕೆ ಟ್ರೇಲರ್ ಎಳೆಯುವುದು, ಇಂಥ ಕೆಲಸಕ್ಕೆ ಮಾತ್ರ ಲೋ ಗೇರ್ (ನಿಧಾನವಾಗಿ, ಹೆಚ್ಚು ಬಲದಿಂದ ಎಳೆಯುವ ಗೇರ್) ನಿಜವಾಗಿ ದುಡಿಯುತ್ತದೆ. ವರ್ಷಕ್ಕೆ ನಾಲ್ಕಾರು ದಿನದ ಕೆಸರಿಗಾಗಿ ದೋಷವಿರುವ ಫೋರ್ ಬೈ ಫೋರ್ ಕೊಳ್ಳುವುದಕ್ಕಿಂತ ಒಳ್ಳೆಯ ಸ್ಥಿತಿಯ ಟೂ ವ್ಹೀಲ್ ಡ್ರೈವ್ ಬೊಲೆರೊ ಲೇಸು.

ಯಾವ ಗಾಡಿ ಎಂಬುದೂ ಮುಖ್ಯ. ಮಹೀಂದ್ರದ ಹಳೆಯ ಎಂಎಂ 540, 550, ಥಾರ್ ಡಿಐ, ಬೊಲೆರೊಗಳ ಸಾಮಾನು ನಮ್ಮ ಭಾಗದಲ್ಲಿ ಸುಲಭ. ಅವನ್ನು ಬಿಚ್ಚಿ ಕಟ್ಟಬಲ್ಲ ಮಿಸ್ತ್ರಿಗಳು ತಾಲ್ಲೂಕು ಊರುಗಳಲ್ಲೂ ಇದ್ದಾರೆ. ಜಿಪ್ಸಿಯ 1.3 ಲೀಟರ್ ಪೆಟ್ರೋಲ್ ಎಂಜಿನ್ ಸರಳ, ಹಗುರ. ಅದರ ತೊಂದರೆಯೆಲ್ಲ ತಳದ ತುಕ್ಕು ಮತ್ತು ಮುಂದಿನ ಆಕ್ಸಲ್‌ನಲ್ಲಿ. 2010ರಿಂದ 2020ರವರೆಗಿನ ಥಾರ್ ಸಿಆರ್‌ಡಿಇಗೆ 2.5 ಲೀಟರ್ ಕಾಮನ್ ರೈಲ್ ಡೀಸೆಲ್ (ಎಲೆಕ್ಟ್ರಾನಿಕ್ ನಿಯಂತ್ರಣದ ಇಂಜೆಕ್ಟರ್‌ಗಳ ಎಂಜಿನ್), ಮುಂದೆ ಸ್ಪ್ರಿಂಗಿನ ಬದಲು ತಿರುಚುವ ಸರಳು, ಅಂದರೆ ಟಾರ್ಷನ್ ಬಾರ್, ಹಿಂದೆ ಪಾಟಾ (ಲೀಫ್ ಸ್ಪ್ರಿಂಗ್). ಇದರಲ್ಲಿ ಇಂಜೆಕ್ಟರ್ ಮತ್ತು ಮುಂದಿನ ಜಾಯಿಂಟ್‌ಗಳನ್ನು ನೋಡಬೇಕು. ಹಳೆಯ ಸ್ಕಾರ್ಪಿಯೊ, ಸಫಾರಿಗಳ ಫೋರ್ ಬೈ ಫೋರ್ ಮಾದರಿಗಳಲ್ಲಿ ಅದನ್ನು ಸ್ವಿಚ್ ತಿರುಗಿಸಿ ಹಾಕುವ ಎಲೆಕ್ಟ್ರಿಕ್ ವ್ಯವಸ್ಥೆ ಇರುತ್ತದೆ. ಅದರ ಮೋಟರ್ ಬಳಸದೆಯೇ ಹಾಳಾಗುವುದು ಹೆಚ್ಚು. 2.8 ಲೀಟರಿನ ಹಳೆಯ ಪಜೆರೊದಂಥವನ್ನು, ಸಾಮಾನು ಎಲ್ಲಿಂದ ಬರುತ್ತದೆ ಎಂದು ಖಚಿತವಾಗದೆ ಮುಟ್ಟಬೇಡಿ. ಅಂಥ ಗಾಡಿಗೆ ಒಂದು ಬಿಡಿಭಾಗ ಬರುವವರೆಗೆ ವಾರಗಟ್ಟಲೆ ಗ್ಯಾರೇಜಿನ ಜಾಗ ಹಿಡಿದು ನಿಲ್ಲಬೇಕಾಗುತ್ತದೆ.

ಹೋಗುವ ಮೊದಲೇ ಕಾಗದ

ಗಾಡಿ ನೋಡಲು ಡೀಸೆಲ್ ಸುಡುವ ಮೊದಲು ಆರ್‌ಸಿಯ ಎರಡೂ ಬದಿಯ ಫೋಟೊ ತರಿಸಿಕೊಳ್ಳಿ. ಎಂಪರಿವಾಹನ್ ಆಪ್‌ನಲ್ಲಿ ನಂಬರ್ ಹಾಕಿದರೆ ನೋಂದಣಿ ದಿನ, ಫಿಟ್‌ನೆಸ್ ಎಲ್ಲಿಯವರೆಗೆ, ವಿಮೆ ಎಲ್ಲಿಯವರೆಗೆ ಎಂಬುದು ಸಿಗುತ್ತದೆ. ಎಷ್ಟನೆಯ ಮಾಲೀಕ, ಸಾಲ ಇದೆಯೇ ಎಂಬುದನ್ನು ಇದರ ಜೊತೆ ಹೊಂದಿಸಿ ನೋಡಿ. ಬ್ಯಾಂಕಿನ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಹೈಪೊಥಿಕೇಶನ್ (ಸಾಲದ ನಮೂದು) ಉಳಿದಿದ್ದರೆ, ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಮತ್ತು ಆ ನಮೂದು ತೆಗೆಸುವ ಫಾರ್ಮ್ 35 ಕೈಗೆ ಬರುವವರೆಗೆ ಮುಂಗಡ ಕೊಡಬೇಡಿ.

ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ. ಆಮೇಲೆ ಆರ್‌ಟಿಒ ಗಾಡಿಯನ್ನು ಪರೀಕ್ಷಿಸಿ ಐದೈದು ವರ್ಷಕ್ಕೆ ನವೀಕರಿಸುತ್ತದೆ. ಇದಕ್ಕೆ ಫಾರ್ಮ್ 25. ಅವಧಿ ಮುಗಿಯುವ 60 ದಿನ ಮೊದಲಿನಿಂದ ಅರ್ಜಿ ಹಾಕಬಹುದು. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 5,000 ರೂಪಾಯಿ ಆಯಿತು. 20 ವರ್ಷ ದಾಟಿದ ಲಘು ವಾಹನಕ್ಕೆ 2025ರ ಆಗಸ್ಟ್‌ನಲ್ಲಿ ಅದು 10,000ಕ್ಕೆ ಏರಿತು. ತಡವಾದ ತಿಂಗಳಿಗಿಷ್ಟು ಎಂದು ದಂಡ, ಮೇಲೆ ಹಸಿರು ತೆರಿಗೆ. ದರಗಳು ಈಚೆಗೆ ಪದೇ ಪದೇ ಬದಲಾಗುತ್ತಿರುವುದರಿಂದ ಆ ದಿನದ ಲೆಕ್ಕವನ್ನು ಆರ್‌ಟಿಒ ಕೌಂಟರಿನಲ್ಲೇ ಕೇಳಿಕೊಳ್ಳಿ. 14 ವರ್ಷದ ಗಾಡಿ ಅಗ್ಗಕ್ಕೆ ಸಿಗುತ್ತಿದ್ದರೆ ಬಹಳ ಸಲ ಕಾರಣ ಇದೇ: ಮುಂದಿನ ವರ್ಷ ಅದನ್ನು ಫಿಟ್‌ನೆಸ್‌ಗೆ ನಿಲ್ಲಿಸುವ ಖರ್ಚು ಮತ್ತು ತಾಪತ್ರಯ ನಿಮ್ಮ ಪಾಲಿಗೆ ಬರುತ್ತದೆ.

ಫಿಟ್‌ನೆಸ್ ಎಂದರೆ ಮಾರ್ಪಾಡಿನ ಪ್ರಶ್ನೆಯೂ ಏಳುತ್ತದೆ. ಆರ್‌ಸಿಯಲ್ಲಿ ಸಾಫ್ಟ್ ಟಾಪ್ ಇದ್ದು ಗಾಡಿಗೆ ಕಬ್ಬಿಣದ ಮಾಡು ಕೂರಿಸಿದ್ದರೆ, ಡೀಸೆಲ್ ಎಂಜಿನ್ ಬದಲಿಸಿ ಹಾಕಿದ್ದರೆ, ಮೂಲ ಅಳತೆಗಿಂತ ಬಹಳ ದೊಡ್ಡ ಟಯರ್ ಇದ್ದರೆ, ಅದನ್ನು ಮೊದಲಿನ ಸ್ಥಿತಿಗೆ ತರುವ ಖರ್ಚು ನಿಮ್ಮದೇ. ಪಂಜಾಬ್, ಹರಿಯಾಣದ ಕಡೆ ಕಟ್ಟಿಸಿ ತಂದ ಹೊಳೆಯುವ ಜೀಪುಗಳಲ್ಲಿ ಚಾಸಿ (ಗಾಡಿಯ ತಳದ ಕಬ್ಬಿಣದ ಚೌಕಟ್ಟು) ಒಂದು ಕಾಲದ್ದು, ಎಂಜಿನ್ ಇನ್ನೊಂದು ಕಾಲದ್ದು ಇರುವುದುಂಟು. ಎಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಕಣ್ಣಾರೆ ಓದಿ ಆರ್‌ಸಿಯ ಜೊತೆ ಅಕ್ಷರ ಅಕ್ಷರ ಹೊಂದಿಸಬೇಕು. ಚಾಸಿ ನಂಬರಿನ ಜಾಗವನ್ನು ತಂತಿ ಬ್ರಷ್‌ನಿಂದ ತಿಕ್ಕಿ, ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ಅಚ್ಚಿನಲ್ಲಿ ಅಕ್ಷರಗಳ ಸುತ್ತ ಗ್ರೈಂಡರ್ ಗೀರು, ವೆಲ್ಡಿಂಗ್ ಉಬ್ಬು ಕಂಡರೆ ಅಲ್ಲಿಂದಲೇ ವಾಪಸ್ ಬನ್ನಿ. ಬೇರೆ ಯಾವ ಗುಣವೂ ಆ ದೋಷವನ್ನು ತುಂಬಿಕೊಡದು.

ನಮ್ಮ ಭಾಗದ ಕೆಎ-25, 63, 26, 27, 68ರ ಗಾಡಿಯಾದರೆ ಕಾಗದಕ್ಕಾಗಿ ಓಡಾಟ ಕಡಿಮೆ. ಗೋವಾ, ಮಹಾರಾಷ್ಟ್ರ, ದಿಲ್ಲಿ ನಂಬರ್ ಆದರೆ ಫಾರ್ಮ್ 28ರ ಎನ್‌ಒಸಿ ಬೇಕು, ಕರ್ನಾಟಕದ ಜೀವಮಾನ ತೆರಿಗೆಯನ್ನು ಗಾಡಿಯ ವಯಸ್ಸಿನ ಪ್ರಕಾರ ಕಟ್ಟಬೇಕು. ದಿಲ್ಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ನಿರ್ಬಂಧ ಬಂದ ಮೇಲೆ ಅಲ್ಲಿಯ ಸ್ಕಾರ್ಪಿಯೊ, ಫಾರ್ಚುನರ್‌ಗಳು ಅಗ್ಗವಾಗಿ ನಮ್ಮ ಕಡೆ ಬಂದಿವೆ. ಎನ್‌ಒಸಿ ಇಲ್ಲದೆ ಬಂದದ್ದನ್ನು ಕೊಳ್ಳಬೇಡಿ. ಗೋವಾ, ಕಾರವಾರ ಕಡೆಯ ಗಾಡಿಗೆ ಬೇರೆ ಎಚ್ಚರ ಬೇಕು: ಉಪ್ಪು ಗಾಳಿಯ ತುಕ್ಕು ಒಳಗಿನಿಂದ ತಿನ್ನುತ್ತದೆ, ಹೊರಗಿನ ಪೇಂಟ್ ಚಂದವೇ ಇರುತ್ತದೆ.

ಜೊತೆಗೆ ಒಯ್ಯುವುದು

ಹೆಡ್‌ಲ್ಯಾಂಪ್ ಟಾರ್ಚ್, ಸಣ್ಣ ಸುತ್ತಿಗೆ, ಉದ್ದ ಸ್ಕ್ರೂಡ್ರೈವರ್, ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತ, ಜಾಕ್, ಎರಡು ಜಾಕ್ ಸ್ಟ್ಯಾಂಡ್, ಚಕ್ರಕ್ಕೆ ಇಡಲು ಕಟ್ಟಿಗೆಯ ಎರಡು ತುಂಡು, ಗೇರ್ ಆಯಿಲ್ ಪ್ಲಗ್ ಬಿಚ್ಚುವ ಪಾನಾ, ಹಳೆಯ ತಟ್ಟು ಚೀಲ. ಬೆಳಗ್ಗೆಯೇ ಹೋಗಿ. "ನಾವು ಬರೋತನಕಾ ಚಾಲೂ ಮಾಡಬ್ಯಾಡ್ರಿ" ಎಂದು ಹಿಂದಿನ ದಿನವೇ ಹೇಳಿ. ಹೋದ ಕೂಡಲೇ ರೇಡಿಯೇಟರ್ ಮೇಲೆ ಕೈ ಇಡಿ. ಬಿಸಿ ಇದ್ದರೆ ಕೋಲ್ಡ್ ಸ್ಟಾರ್ಟ್‌ನಲ್ಲಿ ಏನೋ ಅಡಗಿದೆ ಎಂದು ಗುರುತು ಮಾಡಿಕೊಳ್ಳಿ.

ಚಾಸಿಯ ಕೆಳಗೆ

ಇಡೀ ಪರೀಕ್ಷೆಯ ಅರ್ಧ ಸಮಯ ಇಲ್ಲೇ ಹೋಗಬೇಕು. ಎಂಜಿನ್ ಬೇರೆ ಕಟ್ಟಬಹುದು, ಗೇರ್ ಬಾಕ್ಸ್ ಬದಲಿಸಬಹುದು. ತೂತು ಬಿದ್ದ ಚಾಸಿಯನ್ನು ಸುರಕ್ಷಿತವಾಗಿ ಸರಿಮಾಡುವುದು ಬಹಳ ಕಷ್ಟ.

ನಮ್ಮ ಕಡೆಯ ಗಾಡಿಗಳಿಗೆ ಒಂದು ವಿಶೇಷ ತೊಂದರೆ ಇದೆ. ಎರೆ ಮಣ್ಣು ಚಾಸಿಯ ಪೆಟ್ಟಿಗೆಯೊಳಗೆ, ಪಾಟಾದ ಹ್ಯಾಂಗರ್ ಹಿಂದೆ, ಡೀಸೆಲ್ ಟ್ಯಾಂಕಿನ ಮೇಲೆ ಹೊಕ್ಕು ಒಣಗಿ ಗಟ್ಟಿಯಾಗಿ ಕೂರುತ್ತದೆ. ವಾಟರ್ ಸರ್ವಿಸಿಂಗ್‌ನಲ್ಲಿ ಹೊರಗಿನದ್ದು ಮಾತ್ರ ಹೋಗುತ್ತದೆ. ಒಳಗಿನ ಹೆಂಟೆ ತಿಂಗಳುಗಟ್ಟಲೆ ತೇವ ಹಿಡಿದುಕೊಂಡು ಕಬ್ಬಿಣವನ್ನು ತಿನ್ನುತ್ತದೆ. ಸ್ಕ್ರೂಡ್ರೈವರಿನಿಂದ ಆ ಹೆಂಟೆ ಎಬ್ಬಿಸಿ ಕೆಳಗಿನ ಲೋಹ ನೋಡಿ. ಸುತ್ತಿಗೆಯಿಂದ ಮೆಲ್ಲಗೆ ಬಡಿದಾಗ ಗಟ್ಟಿ ಲೋಹ ಠಣ್ ಎನ್ನುತ್ತದೆ. ತಿಂದುಹೋದದ್ದು ಮಂದವಾಗಿ ದಬ್ ಎನ್ನುತ್ತದೆ, ಪದರು ಉದುರುತ್ತದೆ. ಬಡಿಯಬೇಕಾದ ಜಾಗಗಳು: ಹಿಂದಿನ ಪಾಟಾದ ಎರಡೂ ತುದಿಯ ಹ್ಯಾಂಗರ್, ಬಾಡಿ ಕೂರುವ ರಬ್ಬರ್ ಬುಷ್‌ಗಳ ಬ್ರಾಕೆಟ್, ಟ್ರಾನ್ಸ್‌ಫರ್ ಕೇಸ್ ಹೊತ್ತ ಅಡ್ಡಪಟ್ಟಿ, ಸ್ಟೀರಿಂಗ್ ಬಾಕ್ಸ್ ಕೂತ ಚಾಸಿಯ ಬದಿ. ಕೊನೆಯದರಲ್ಲಿ ತುಕ್ಕಿಗಿಂತ ಬಿರುಕು ಹೆಚ್ಚು. ಒಬ್ಬರು ಸ್ಟೀರಿಂಗ್ ಅತ್ತಿತ್ತ ಆಡಿಸುವಾಗ ಕೆಳಗಿನಿಂದ ನೋಡಿದರೆ ಬಿರುಕು ಬಾಯಿ ಬಿಟ್ಟು ಮುಚ್ಚುವುದು ಕಾಣುತ್ತದೆ.

ಮೇಲ್ಪದರಿನ ಕಂದು ತುಕ್ಕು ಹೆದರಬೇಕಾದದ್ದಲ್ಲ, ತಿಕ್ಕಿ ಪೇಂಟ್ ಹೊಡೆದರೆ ಆಯಿತು. ಸ್ಕ್ರೂಡ್ರೈವರ್ ಒಳಗೆ ಹೊಕ್ಕರೆ, ಪಟ್ಟಿ ಇಟ್ಟು ವೆಲ್ಡಿಂಗ್ ಮಾಡಿದ್ದರೆ ಬಿಡಿ. ಹೊಸದಾಗಿ ಬಳಿದ ಕಪ್ಪು ಅಂಡರ್‌ಬಾಡಿ ಪೇಂಟ್ ಕಂಡಲ್ಲಿ ಇನ್ನಷ್ಟು ಬಡಿದು ನೋಡಿ. ಜಿಪ್ಸಿಯಲ್ಲಿ ಕಾಲಿಡುವ ತಳ, ಹಿಂದಿನ ಚಕ್ರದ ಕಮಾನು, ಬಾಗಿಲ ಕೆಳ ಅಂಚು ನೋಡಬೇಕು. ಅಯಸ್ಕಾಂತ ಅಂಟದ ಜಾಗದಲ್ಲಿ ಪುಟ್ಟಿ ತುಂಬಿದೆ ಎಂದೇ ಅರ್ಥ.

ಬೆಣ್ಣಿಹಳ್ಳ, ಮಲಪ್ರಭೆಯ ದಡದ ಊರುಗಳ ಗಾಡಿಯಾದರೆ ನೆರೆಯಲ್ಲಿ ಮುಳುಗಿತ್ತೇ ಎಂದೂ ನೋಡಿ. 2019ರ ಆಗಸ್ಟ್‌ನ ಪ್ರವಾಹ ನರಗುಂದ, ರೋಣದ ಕಡೆ ಮನೆಗಳೊಳಗೇ ಹೊಕ್ಕಿತ್ತು. ಸೀಟ್ ಬೆಲ್ಟನ್ನು ಪೂರ್ತಿ ಎಳೆದರೆ ಕೊನೆಯ ಮೊಳದಲ್ಲಿ ಮಣ್ಣಿನ ಗೆರೆ, ಫ್ಯೂಸ್ ಬಾಕ್ಸ್‌ನಲ್ಲಿ ಹಸಿರು ಕಿಲುಬು, ಕಾರ್ಪೆಟ್ ಕೆಳಗೆ ನುಣ್ಣನೆಯ ರೇವೆ ಸಿಗುತ್ತದೆ. ಮುಳುಗಿದ ಕಾಮನ್ ರೈಲ್ ಗಾಡಿಯ ವೈರಿಂಗ್ ತೊಂದರೆ ಒಂದೇ ಸಲಕ್ಕೆ ಮುಗಿಯುವುದಿಲ್ಲ.

ಕೆಳಗಿದ್ದಾಗಲೇ ಮುಂದಿನ ಪ್ರೊಪೆಲ್ಲರ್ ಶಾಫ್ಟ್ (ಟ್ರಾನ್ಸ್‌ಫರ್ ಕೇಸಿನಿಂದ ಮುಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ದಂಡ) ಇದೆಯೇ ನೋಡಿ. ಸದ್ದು, ಅದುರುವಿಕೆ ತಾಳಲಾರದೆ ಅದನ್ನು ಬಿಚ್ಚಿ ಮೂಲೆಗಿಟ್ಟವರು ಬಹಳ. ಟೂ ವ್ಹೀಲ್ ಗಾಡಿಗೆ ಫೋರ್ ಬೈ ಫೋರ್ ಬ್ಯಾಡ್ಜ್ ಅಂಟಿಸಿದ್ದೂ ಇಲ್ಲೇ ಬಯಲಾಗುತ್ತದೆ: ಮುಂದೆ ಕ್ರೌನ್-ಪಿನಿಯನ್ ಹೌಸಿಂಗ್ (ಆಕ್ಸಲ್‌ನ ಗೇರ್‌ಗಳಿರುವ ಪೆಟ್ಟಿಗೆ) ಇರುವುದೇ ಇಲ್ಲ.

ಎಣ್ಣೆ ಹೇಳುವ ಸಂಗತಿ

ಮುಂದಿನ ಹೌಸಿಂಗ್, ಹಿಂದಿನ ಹೌಸಿಂಗ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಈ ನಾಲ್ಕರ ಎಣ್ಣೆ ತುಂಬುವ ಪ್ಲಗ್ ಬಿಚ್ಚಲು ಮಾರುವವರ ಒಪ್ಪಿಗೆ ಕೇಳಿ. ಬೆರಳು ಹಾಕಿ ತುಸು ಎಣ್ಣೆ ಬಿಳಿ ಕಾಗದದ ಮೇಲೆ ಸವರಿ. ಹಾಲಿನ ಬಣ್ಣ ಬಂದರೆ ಒಳಗೆ ನೀರು ಹೊಕ್ಕಿದೆ. ಸುಟ್ಟ ವಾಸನೆ ಬಂದರೆ ಕಡಿಮೆ ಎಣ್ಣೆಯಲ್ಲಿ ಓಡಿದೆ. ಅಯಸ್ಕಾಂತವಿರುವ ಡ್ರೇನ್ ಪ್ಲಗ್‌ನಲ್ಲಿ ಬೂದು ಬಣ್ಣದ ನುಣುಪು ಮುದ್ದೆ ಇರುವುದು ಸಹಜ. ಚೂರು, ಹಲ್ಲಿನ ತುಂಡು ಸಿಕ್ಕರೆ ಆ ಪೆಟ್ಟಿಗೆಯನ್ನು ಪೂರ್ತಿ ಬಿಚ್ಚಬೇಕು ಎಂದೇ ಲೆಕ್ಕ ಹಾಕಿ. ಪ್ಲಗ್ ಬಿಚ್ಚಲು ಒಪ್ಪದಿದ್ದರೆ ನಾಲ್ಕೂ ಪೆಟ್ಟಿಗೆ ಅನುಮಾನದ ಪಟ್ಟಿಗೆ ಸೇರಲಿ.

"ಸ್ವಲ್ಪ ಸೋರ್ತೈತಿ" ಎಂದಾಗ ಎಲ್ಲಿಂದ, ಯಾವ ಎಣ್ಣೆ ಎಂಬುದೇ ಪ್ರಶ್ನೆ. ಜಿಪ್ಸಿಯ ಮುಂದಿನ ಚಕ್ರದ ಹಿಂದೆ ಗುಂಡಗಿನ ನಕಲ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರದ ಜೊತೆ ತಿರುಗುವ ಗೆಣ್ಣು) ಇದೆ. ಅದರೊಳಗೆ ಗ್ರೀಸ್ ಮಾತ್ರ ಇರಬೇಕು. ಅಲ್ಲಿಂದ ತೆಳ್ಳಗಾದ ಕಪ್ಪು ರಾಡಿ ಸೋರಿ ಟಯರಿನ ಒಳಬದಿಗೆ ಚಿಮ್ಮಿದ್ದರೆ ಆಕ್ಸಲ್‌ನ ಒಳಸೀಲ್ ಹೋಗಿ ಹೌಸಿಂಗಿನ ಗೇರ್ ಆಯಿಲ್ ಗ್ರೀಸಿಗೆ ಬೆರೆತಿದೆ. ಸೀಲಿನ ಬೆಲೆ ಅಲ್ಪ, ಆದರೆ ಅದನ್ನು ಹಾಕಲು ಹಬ್, ನಕಲ್, ಆಕ್ಸಲ್ ಎಲ್ಲ ಹೊರಗೆ ಬರಬೇಕು. ಬಿಚ್ಚಿದ ಮೇಲೆ ಎರಡೂ ಕಡೆಯ ಕಿಂಗ್‌ಪಿನ್ (ನಕಲ್ ತಿರುಗುವ ಕೀಲು) ಬೇರಿಂಗ್ ನಾಲ್ಕು, ನಕಲ್ ವೈಪರ್ ಸೀಲ್, ವ್ಹೀಲ್ ಬೇರಿಂಗ್ ಒಟ್ಟಿಗೇ ಹಾಕುವುದೇ ಸರಿ, ಮಜೂರಿ ಒಂದೇ. ಹೀಗೆ "ಒಂದು ಸೀಲ್" ಎಂದು ಶುರುವಾದದ್ದು ಮುಂದಿನ ಆಕ್ಸಲ್‌ನ ಪೂರ್ತಿ ಕೆಲಸವಾಗುತ್ತದೆ. ಅದಕ್ಕೆ ತಕ್ಕ ಬೆಲೆ ಇಳಿಸಿಕೊಂಡರೆ ಇದು ಕೊಳ್ಳಬಹುದಾದ ದೋಷ, ಏಕೆಂದರೆ ಇದರ ಆಚೆಗೆ ಅಡಗಿರುವುದೇನೂ ಇಲ್ಲ.

ಕೋಲ್ಡ್ ಸ್ಟಾರ್ಟ್

ಬಾನೆಟ್ ತೆರೆದಿಟ್ಟು ಚಾಲೂ ಮಾಡಿಸಿ, ನೀವು ಹಿಂದೆ ನಿಂತು ಹೊಗೆ ನೋಡಿ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಹೋಗುತ್ತಿರಬಹುದು ಅಥವಾ ಇಂಜೆಕ್ಟರ್ ಸೋರುತ್ತಿರಬಹುದು. ಎಕ್ಸಲರೇಟರ್ ಒತ್ತಿದಾಗ ದಟ್ಟ ಕಪ್ಪು ಬಂದರೆ ಏರ್ ಫಿಲ್ಟರ್, ಸೀಳಿದ ಟರ್ಬೊ ಹೋಸ್‌ನಿಂದ ಹಿಡಿದು ಇಂಜೆಕ್ಟರ್‌ವರೆಗೆ, ಅಗ್ಗದ್ದರಿಂದ ದುಬಾರಿಯದಕ್ಕೆ, ಕ್ರಮವಾಗಿ ನೋಡುತ್ತ ಹೋಗಬೇಕು.

ಎಂಜಿನ್ ಐಡಲ್‌ನಲ್ಲಿದ್ದಾಗ ಆಯಿಲ್ ಹಾಕುವ ಮುಚ್ಚಳವನ್ನು ಬಿಚ್ಚಿ ಬಾಯಿ ಮೇಲೆ ಸುಮ್ಮನೆ ಬೋರಲು ಇಡಿ. ಮೆಲ್ಲಗೆ ನಡುಗಿದರೆ ಚಿಂತೆಯಿಲ್ಲ. ಹಾರಿ ಬಿದ್ದರೆ, ಹಬೆಯಂತೆ ಹೊಗೆ ಉಗುಳಿದರೆ ರಿಂಗ್, ಲೈನರ್ ಸವೆದಿವೆ. ಹಾಫ್ ಎಂಜಿನ್ ಕೆಲಸ (ಅವನ್ನು ಬದಲಿಸುವ ದೊಡ್ಡ ರಿಪೇರಿ) ಎಂದು ಬರೆದುಕೊಳ್ಳಿ. ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ಚಾಲೂ ಮಾಡಿದರೆ ಗುಳ್ಳೆ ಬಿಡದೆ ಬರುತ್ತಿದ್ದರೆ, ಅಥವಾ ಮುಚ್ಚಳ ಹಾಕಿ ಚಾಲೂ ಮಾಡಿದಾಗ ಮೇಲಿನ ಹೋಸ್ ಒಂದೆರಡು ನಿಮಿಷದಲ್ಲೇ ಕಲ್ಲಿನಂತೆ ಬಿಗಿಯಾದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಅಥವಾ ಹೆಡ್ ಬಿರಿದಿದೆ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ಯಾವ ಕಾರಣಕ್ಕೂ ತೆಗೆಯಬೇಡಿ.

ಕಾಮನ್ ರೈಲ್ ಡೀಸೆಲ್ ಆದರೆ ಇಂಜೆಕ್ಟರ್ ಲೀಕ್-ಆಫ್ ಪರೀಕ್ಷೆಗೆ ಇಂಜೆಕ್ಷನ್ ಪಂಪ್ ರಿಪೇರಿ ಅಂಗಡಿಯವರಿಗೆ ದುಡ್ಡು ಕೊಡುವುದು ಸಾರ್ಥಕ. ಪ್ರತಿ ಇಂಜೆಕ್ಟರ್ ವಾಪಸ್ ಬಿಡುವ ಡೀಸೆಲನ್ನು ಒಂದೊಂದು ಬಾಟಲಿಯಲ್ಲಿ ಹಿಡಿಯುತ್ತಾರೆ; ನಾಲ್ಕು ಬಾಟಲಿಯಲ್ಲಿ ಒಂದು ಉಳಿದವುಗಳಿಗಿಂತ ಬೇಗ ತುಂಬಿದರೆ ಆ ಇಂಜೆಕ್ಟರ್ ಸವೆದಿದೆ. ಜಿಪ್ಸಿಯಲ್ಲಿ ಟೈಮಿಂಗ್ ಬೆಲ್ಟ್ ಇದೆ. ಯಾವಾಗ ಬದಲಿಸಿದ್ದು ಎಂಬುದಕ್ಕೆ ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿಯಿರಿ.

ನಮ್ಮ ಬಯಲುಸೀಮೆಯಲ್ಲಿ ರೇಡಿಯೇಟರಿನ ದೋಷ ಊರೊಳಗೆ ಓಡಿಸಿದರೆ ಗೊತ್ತಾಗುವುದಿಲ್ಲ. ಪಿ.ಬಿ. (ಪುಣೆ-ಬೆಂಗಳೂರು) ರೋಡಿನಲ್ಲಿ ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸಿ, ಎಸಿ ಇದ್ದರೆ ಹಾಕಿಕೊಂಡೇ ಹುಬ್ಬಳ್ಳಿಯ ನೃಪತುಂಗ ಬೆಟ್ಟ ಹತ್ತಿಸಿ, ಮೇಲೆ ಹತ್ತು ನಿಮಿಷ ಐಡಲ್‌ನಲ್ಲಿ ನಿಲ್ಲಿಸಿ ಎಂಜಿನ್ ಬಿಸಿ ತೋರಿಸುವ ಮುಳ್ಳು ನೋಡಿ. ಗದಗಿನವರು ಕಪ್ಪತಗುಡ್ಡದ ಏರನ್ನು ಬಳಸಿಕೊಳ್ಳಬಹುದು.

ಫೋರ್ ಬೈ ಫೋರ್ ಏಕೆ ಬೀಳುತ್ತಿಲ್ಲ?

ಡಾಂಬರಿನ ಮೇಲೆ ಪರೀಕ್ಷೆ ಮಾಡಬೇಡಿ. ಜೀಪು, ಜಿಪ್ಸಿ, ಹಳೆಯ ಥಾರ್‌ಗಳು ಪಾರ್ಟ್ ಟೈಮ್, ಅಂದರೆ ಬೇಕಾದಾಗ ಮಾತ್ರ ಹಾಕುವ ಫೋರ್ ಬೈ ಫೋರ್. ಮುಂದಿನ ಹಿಂದಿನ ಶಾಫ್ಟ್‌ಗಳನ್ನು ಅವು ಒಂದೇ ವೇಗಕ್ಕೆ ಕಟ್ಟಿಹಾಕುತ್ತವೆ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಓಡಬೇಕು. ಸಡಿಲ ಮಣ್ಣಿನಲ್ಲಿ ಟಯರ್ ಜಾರಿ ಅದು ಸರಿಹೋಗುತ್ತದೆ, ಒಣ ಡಾಂಬರಿನಲ್ಲಿ ಆ ಬಿಗಿತವೆಲ್ಲ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ತುದಿಯ ಕೀಲು) ಮತ್ತು ಟ್ರಾನ್ಸ್‌ಫರ್ ಕೇಸಿನ ಮೇಲೆ ಬೀಳುತ್ತದೆ. "ದಿನಾ ಫೋರ್ ಬೈ ಫೋರ್‌ದಾಗ ಓಡಸ್ತೇವ್ರಿ, ಪಿಕಪ್ ಚಲೋ" ಎಂದು ಮಾರುವವರು ಹೇಳಿದರೆ ಟ್ರಾನ್ಸ್‌ಫರ್ ಕೇಸ್ ಸವೆದಿರುವ, ಚೈನ್ ಇರುವ ಕೇಸ್ ಆದರೆ ಚೈನ್ ಸಡಿಲಾಗಿರುವ ಸಾಧ್ಯತೆಯನ್ನು ಬರೆದುಕೊಳ್ಳಿ. ಇದೇ ಕಾರಣಕ್ಕೆ ನಾಲ್ಕೂ ಟಯರ್ ಒಂದೇ ಅಳತೆ, ಹೆಚ್ಚುಕಡಿಮೆ ಒಂದೇ ಸವೆತ ಇರಬೇಕು. ಟಯರಿನ ಬದಿಯ ನಾಲ್ಕು ಅಂಕಿ ಅದರ ವಯಸ್ಸು ಹೇಳುತ್ತವೆ: 2319 ಎಂದಿದ್ದರೆ 2019ರ 23ನೆಯ ವಾರ.

ಖಾಲಿ ಹೊಲದ ದಾರಿಗೆ ಒಯ್ಯಿರಿ. ಹಬ್ ಲಾಕ್ (ಮುಂದಿನ ಚಕ್ರವನ್ನು ಆಕ್ಸಲ್‌ಗೆ ಜೋಡಿಸುವ, ಚಕ್ರದ ನಡುವಿನ ಬೀಗ) ಇದ್ದರೆ ಎರಡೂ ಚಕ್ರದಲ್ಲಿ ಲಾಕ್‌ಗೆ ತಿರುಗಿಸಿ. ಗಾಡಿ ನಿಲ್ಲಿಸಿ, ಕ್ಲಚ್ ಒತ್ತಿ, ಫೋರ್ ಹೈಗೆ ಹಾಕಿ. ಮೂವತ್ತು ಮೀಟರ್ ನೇರ ಹೋಗಿ, ಆಮೇಲೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಸುತ್ತಿ. ಗಾಡಿ ಯಾರೋ ಹಿಡಿದೆಳೆದಂತೆ ಬಿಗಿಯಾದರೆ ಮುಂದಿನ ಚಕ್ರಕ್ಕೆ ಶಕ್ತಿ ಹೋಗುತ್ತಿದೆ. ಟೂ ವ್ಹೀಲ್‌ನಲ್ಲಿ ಸುತ್ತಿದಷ್ಟೇ ಸಲೀಸಾಗಿ ಸುತ್ತಿದರೆ, ದೀಪ ಹತ್ತಿದ್ದರೂ, ಬಿದ್ದಿಲ್ಲ. ಮೊದಲ ಕಾಲದ ಫಾರ್ಚುನರ್‌ನಂಥ ಫುಲ್ ಟೈಮ್ (ಸದಾ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ) ಗಾಡಿಗೆ ಈ ಪರೀಕ್ಷೆಯನ್ನು ಸೆಂಟರ್ ಡಿಫರೆನ್ಶಿಯಲ್ ಲಾಕ್ ಹಾಕಿ ಮಾಡಬೇಕು. ನಂತರ ನಿಲ್ಲಿಸಿ ಫೋರ್ ಲೋ: ಫಸ್ಟ್ ಗೇರ್‌ನಲ್ಲಿ ಎಕ್ಸಲರೇಟರ್ ಮುಟ್ಟದೆ ಗಾಡಿ ಏರು ಹತ್ತಬೇಕು, ಇಳಿಜಾರಿನಲ್ಲಿ ಬ್ರೇಕ್ ಇಲ್ಲದೆ ಹಿಡಿದುಕೊಳ್ಳಬೇಕು, ಲಿವರ್ ತಾನೇ ಜಿಗಿಯಬಾರದು. ಭಾರ ಬಿದ್ದಾಗ ಕಟಕಟ ಎಂದು ಹಲ್ಲು ಜಿಗಿದ ಸದ್ದು ಬಂದರೆ, ಚೈನ್ ಇರುವ ಕೇಸಿನಲ್ಲಿ ಅದು ಚೈನ್. ವಾಪಸ್ ಟೂ ವ್ಹೀಲ್‌ಗೆ ಬರದಿದ್ದರೆ ನಾಲ್ಕಾರು ಮೀಟರ್ ನೇರ ಹಿಂದಕ್ಕೆ ಹೋದರೆ ಬಿಗಿತ ಸಡಿಲಾಗಿ ಬಿಡುತ್ತದೆ.

ಬೀಳುತ್ತಿಲ್ಲ ಎಂದಾದರೆ ಅಗ್ಗದ ಕಾರಣದಿಂದ ಶುರುಮಾಡಿ. ಶಕ್ತಿ ಹೋಗುತ್ತಿದೆ, ದೀಪ ಮಾತ್ರ ಹತ್ತುತ್ತಿಲ್ಲ: ಟ್ರಾನ್ಸ್‌ಫರ್ ಕೇಸಿನ ಮೇಲಿನ ಸ್ವಿಚ್ ಅಥವಾ ಅದರ ವೈರ್. ಕೈಯಿಂದ ತಿರುಗಿಸುವ ಹಬ್ ಲಾಕ್ ಇರುವ ಗಾಡಿ: ಹಿಂದಿನ ಚಕ್ರಕ್ಕೆ ಕಟ್ಟಿಗೆ ಕೊಟ್ಟು, ಮುಂದಿನ ಒಂದು ಚಕ್ರ ಎತ್ತಿ ಸ್ಟ್ಯಾಂಡ್ ಇಟ್ಟು, ಎಂಜಿನ್ ಬಂದ್ ಮಾಡಿ, ಟೂ ವ್ಹೀಲ್‌ನಲ್ಲಿಟ್ಟು, ಎರಡೂ ಹಬ್ ಲಾಕ್ ಮಾಡಿ ಚಕ್ರ ತಿರುಗಿಸಿ. ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಜೊತೆಗೆ ತಿರುಗಬೇಕು. ಶಾಫ್ಟ್ ಸುಮ್ಮನಿದ್ದರೆ ಹಬ್ ಕಚ್ಚುತ್ತಿಲ್ಲ ಅಥವಾ ಆಕ್ಸಲ್ ತುಂಡಾಗಿದೆ. ಎರಡೂ ಬದಿಗೆ ಬೇರೆ ಬೇರೆ ಮಾಡಿ ನೋಡಿ. ವ್ಯಾಕ್ಯೂಮ್‌ನಿಂದ ಕೆಲಸ ಮಾಡುವ ಲಾಕ್ ಆದರೆ ಎಂಜಿನ್ ಚಾಲೂ ಇಟ್ಟು ಫೋರ್ ಹೈ ಹಾಕಿ, ಪೈಪಿನ ತುದಿ ಬಿಚ್ಚಿ ಹೆಬ್ಬೆರಳು ಇಡಿ. ಹೀರಿಕೊಳ್ಳದಿದ್ದರೆ ಪೈಪ್ ಅಥವಾ ಸೊಲೆನಾಯ್ಡ್ (ವಿದ್ಯುತ್ತಿನಿಂದ ತೆರೆಯುವ ಕವಾಟ) ಹೋಗಿದೆ. ಎಲೆಕ್ಟ್ರಿಕ್ ಸ್ವಿಚ್‌ನ ಫೋರ್ ಬೈ ಫೋರ್ ಆದರೆ ಸ್ವಿಚ್ ತಿರುಗಿಸಿದಾಗ ಕೆಳಗೆ ಮೋಟರ್ ಗುಯ್ ಎನ್ನುವ ಸದ್ದು ಕೇಳಬೇಕು. ಸದ್ದೇ ಇಲ್ಲದಿದ್ದರೆ ಫ್ಯೂಸ್, ಕನೆಕ್ಟರ್, ಮೋಟರ್. ವರ್ಷಗಟ್ಟಲೆ ಬಳಸದೆ ಒಳಗೆ ತುಕ್ಕು ಹಿಡಿದು ಕಚ್ಚಿಕೊಂಡ ಮೋಟರ್ ಬಹಳ ಸಿಗುತ್ತವೆ. ಇವೆಲ್ಲ ಸರಿಯಿದ್ದೂ ಬೀಳದಿದ್ದರೆ ದೋಷ ಟ್ರಾನ್ಸ್‌ಫರ್ ಕೇಸಿನ ಒಳಗೇ ಇದೆ. ಅಲ್ಲಿಗೆ ಬಂದ ಮೇಲೆ ಇಡೀ ಕೇಸ್ ಬದಲಿಸುವ ಬೆಲೆ ಹಿಡಿದೇ ಮಾತಾಡಿ.

ಸ್ಟೀರಿಂಗ್ ನಡುಕ

ಅರವತ್ತು ಕಿಲೋಮೀಟರ್ ವೇಗದ ಆಸುಪಾಸಿನಲ್ಲಿ ಒಂದು ಕುಣಿ ಹಾರಿದ ಕೂಡಲೇ ಮುಂದಿನ ಚಕ್ರಗಳು ಜೋರಾಗಿ ನಡುಗಿ ಸ್ಟೀರಿಂಗ್ ಕೈಗೆ ಸಿಗದಂತಾಗುವುದು ಗಟ್ಟಿ ಆಕ್ಸಲ್‌ನ ಗಾಡಿಗಳ ಹಳೆಯ ರೋಗ. ಮಾರುವವರು "ಅಲೈನ್‌ಮೆಂಟ್" ಎನ್ನುತ್ತಾರೆ. ಮುಂದಿನ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ: ಆಡಿದರೆ ವ್ಹೀಲ್ ಬೇರಿಂಗ್ ಅಥವಾ ಕಿಂಗ್‌ಪಿನ್. ಬ್ರೇಕ್ ಒತ್ತಿಸಿದಾಗ ಆಟ ನಿಂತರೆ ವ್ಹೀಲ್ ಬೇರಿಂಗ್, ನಿಲ್ಲದಿದ್ದರೆ ಕಿಂಗ್‌ಪಿನ್. ಎಡ ಬಲ ಹಿಡಿದಾಗ ಆಡಿದರೆ ಟೈ ರಾಡ್ ಎಂಡ್ ಅಥವಾ ಸ್ಟೀರಿಂಗ್ ಬಾಕ್ಸ್. ಸ್ಟೀರಿಂಗ್ ಡ್ಯಾಂಪರ್ (ನಡುಕ ಹೀರುವ ಶಾಕ್) ಮಾತ್ರ ಹೊಸದಾಗಿ ಹಾಕಿದ್ದರೆ ರೋಗ ಮುಚ್ಚಿಟ್ಟಿದ್ದಾರೆ ಎಂದು ಅನುಮಾನಿಸಿ. ಟಾರ್ಷನ್ ಬಾರ್ ಇರುವ ಗಾಡಿಯಲ್ಲಿ ಬಾಲ್ ಜಾಯಿಂಟ್ ಮತ್ತು ಆಕ್ಸಲ್‌ನ ರಬ್ಬರ್ ಬೂಟ್ ನೋಡಿ. ಬೂಟ್ ಹರಿದು ಎರೆ ಮಣ್ಣು ಹೊಕ್ಕಿದ್ದರೆ ಜಾಯಿಂಟ್ ಕೂಡ ಹೋಗಿದೆ.

ಲೆಕ್ಕ

ಈಗ ನಿಮ್ಮ ಕೈಯಲ್ಲಿ ದೋಷಗಳ ಪಟ್ಟಿ, ಪ್ರತಿಯೊಂದಕ್ಕೂ ಕಾರಣ ಇದೆ. ಗಾಡಿ ತೋರಿಸಿಯೇ ಎರಡು ಗ್ಯಾರೇಜಿನಲ್ಲಿ ಸಾಮಾನು ಮತ್ತು ಮಜೂರಿ ಬೇರೆ ಬೇರೆ ಬರೆಸಿಕೊಳ್ಳಿ. ಅದೇ ವರ್ಷದ, ದೋಷವಿಲ್ಲದ ಗಾಡಿ ನಿಮ್ಮ ಭಾಗದಲ್ಲಿ ಎಷ್ಟಕ್ಕೆ ಕೈಬದಲಾಗುತ್ತಿದೆ ಎಂದೂ ವಿಚಾರಿಸಿ. ಲೆಕ್ಕ ತೋರಿಸಲು ಮಾತ್ರ ಒಂದು ಉದಾಹರಣೆ: ಒಳ್ಳೆಯ ಗಾಡಿ 4,00,000, ದೋಷದ್ದಕ್ಕೆ ಕೇಳುವುದು 3,20,000. ರಿಪೇರಿ ಅಂದಾಜು 70,000. ಹತ್ತು ವರ್ಷ ದಾಟಿದ ಗಾಡಿಗೆ ಬಿಚ್ಚಿದ ಮೇಲೆ ಕಾಣುವ ಖರ್ಚೆಂದು ಅದರ ಅರ್ಧ, 35,000 ಸೇರಿಸಿ. ಟಯರ್, ನವೀಕರಣ, ವಿಮೆ 45,000. ಒಟ್ಟು 1,50,000. ಅಂದರೆ ನೀವು ಕೊಡಬಹುದಾದ ಹೆಚ್ಚಿನ ಬೆಲೆ 2,50,000. ಮಾರುವವರು ಬಿಟ್ಟಿರುವ 80,000 ಸಾಲದು. ಅವರು ಇಳಿಯದಿದ್ದರೆ ಒಳ್ಳೆಯ ಗಾಡಿಗೇ ನಾಲ್ಕು ಲಕ್ಷ ಕೊಡುವುದು ಲಾಭ, ಮೊದಲ ದಿನದಿಂದ ಓಡಿಸಬಹುದು.

ಬೆಲೆ ಎಷ್ಟೇ ಇಳಿದರೂ ಕೊಳ್ಳಬಾರದ್ದು: ತೂತು ಬಿದ್ದ ಅಥವಾ ತೇಪೆ ಹಾಕಿದ ಚಾಸಿ, ಹೊಂದದ ನಂಬರ್, ಎನ್‌ಒಸಿ ಇಲ್ಲದ ಹೊರರಾಜ್ಯದ ಗಾಡಿ, ನೆರೆಯಲ್ಲಿ ಮುಳುಗಿದ ಕಾಮನ್ ರೈಲ್. ಇನ್ನೊಂದು, ಎರಡು ದೊಡ್ಡ ದೋಷ ಒಟ್ಟಿಗೆ ಇರುವುದು. ಎಂಜಿನ್ ಮಾತ್ರ ಹೋಗಿದ್ದರೆ, ಅಥವಾ ಟ್ರಾನ್ಸ್‌ಫರ್ ಕೇಸ್ ಮಾತ್ರ ಹೋಗಿದ್ದರೆ, ಕಟ್ಟಿಸಬಹುದು. ಎರಡೂ ಹೋಗಿದ್ದರೆ ವರ್ಷಗಟ್ಟಲೆ ಯಾರೂ ಅದರ ಆರೈಕೆ ಮಾಡಿಲ್ಲ. ಮೂರನೆಯದ್ದೂ ಹತ್ತಿರದಲ್ಲೇ ಇರುತ್ತದೆ.

ಒಪ್ಪಿಗೆಯಾದರೆ ದೋಷಗಳನ್ನೆಲ್ಲ ಬರೆದ ಕರಾರಿಗೆ ಇಬ್ಬರೂ ಸಹಿ ಹಾಕಿ, ಹಣ ಬ್ಯಾಂಕ್ ಮೂಲಕವೇ ಕೊಡಿ. ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30ಕ್ಕೆ ಸಹಿ ಆ ದಿನವೇ ಆಗಲಿ. ಹೆಸರು ಬದಲಾವಣೆಗೆ ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು, ವಿಮೆಯನ್ನು 14 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು.

ಮನೆಗೆ ತಂದ ವಾರದಲ್ಲೇ ನಾಲ್ಕೂ ಪೆಟ್ಟಿಗೆಯ ಎಣ್ಣೆ, ಕೂಲಂಟ್, ಬ್ರೇಕ್ ಆಯಿಲ್, ಎಲ್ಲ ಫಿಲ್ಟರ್ ಬದಲಿಸಿ, ಪ್ರೊಪೆಲ್ಲರ್ ಕ್ರಾಸ್‌ಗಳಿಗೆ ಗ್ರೀಸ್ ಹೊಡೆಸಿ. ಟ್ರಾನ್ಸ್‌ಫರ್ ಕೇಸಿಗೆ ಕೆಲವು ಗಾಡಿಯಲ್ಲಿ 80ಡಬ್ಲ್ಯು-90 ಗೇರ್ ಆಯಿಲ್, ಕೆಲವದರಲ್ಲಿ ತೆಳುವಾದ ಎಟಿಎಫ್ (ಆಟೊಮ್ಯಾಟಿಕ್ ಗೇರ್ ಬಾಕ್ಸಿನ ಎಣ್ಣೆ) ಬೇಕು. ಮ್ಯಾನುಯಲ್ ನೋಡದೆ ಹಾಕಿಸಬೇಡಿ. ಆಮೇಲೆ ತಿಂಗಳಿಗೊಮ್ಮೆ, ಬೇಸಿಗೆಯಲ್ಲೂ, ಮಣ್ಣಿನ ದಾರಿಯಲ್ಲಿ ಒಂದೆರಡು ಕಿಲೋಮೀಟರ್ ಫೋರ್ ಹೈ ಹಾಕಿ ಓಡಿಸಿ. ಮಳೆಗಾಲದಲ್ಲಿ ಎರೆಗೆ ಇಳಿದು ಬಂದ ದಿನ ಮಣ್ಣು ಹಸಿ ಇರುವಾಗಲೇ ಚಾಸಿಯ ಒಳಗೆ ನೀರು ಬಿಟ್ಟು ತೊಳೆಯಿರಿ.